ಜೊತೆಗೇ ಕೆಲಸಕ್ಕೆ ಸೇರಿದೆವು, ಮಗುವಾದ ಮೇಲೆ ನನ್ನ ಸಂಬಳ ಮಾತ್ರ ಯಾಕೆ ಹಿಂದೆ ಬಿತ್ತು?

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಒಂದೇ ವರ್ಷ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದವರು. ಆಗ ಸಂಬಳ ಹೆಚ್ಚುಕಡಿಮೆ ಒಂದೇ. ಮಗುವಿಗೆ ಈಗ ಏಳು ವರ್ಷ. ಹೆರಿಗೆ ರಜೆಯಲ್ಲಿ ಪೂರ್ತಿ ಸಂಬಳ ಬಂದಿತ್ತು, ಆಮೇಲೆ ಎರಡು ವರ್ಷ ಮನೆಯಲ್ಲಿದ್ದೆ. ಈಗ ಅವರ ಸಂಬಳ ಎಲ್ಲೋ ಇದೆ, ನನ್ನದು ಎಲ್ಲೋ ಇದೆ. ಒಂದು ಹೆರಿಗೆಗೆ ಇಷ್ಟು ವ್ಯತ್ಯಾಸ ಆಗುತ್ತದೆಯೇ?

ಉತ್ತರ: ಹೆರಿಗೆಯ ಆರು ತಿಂಗಳಿಂದ ಆಗುವ ನಷ್ಟ ಸಣ್ಣದು. ದೊಡ್ಡ ನಷ್ಟ ಅದರ ನಂತರದ್ದು. ಸಂಬಳಸಹಿತ ರಜೆ 26 ವಾರಕ್ಕೆ ಮುಗಿಯುತ್ತದೆ. ಅಂಗನವಾಡಿ ಮಗುವನ್ನು ಕೂರಿಸಿಕೊಳ್ಳುವುದು 3 ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗುವನ್ನು ನೋಡಿಕೊಳ್ಳುವವರು ಯಾರು? ಅಜ್ಜಿಗೆ ಕೈಲಾಗುವ ಮನೆಯಲ್ಲಿ ಅಜ್ಜಿ. ಇಲ್ಲದ ಮನೆಯಲ್ಲಿ ತಾಯಿ ಕೆಲಸ ಬಿಡುತ್ತಾಳೆ.

ಒಂದು ಲೆಕ್ಕ ಹಾಕಿ ನೋಡೋಣ. ಇಬ್ಬರೂ 30,000 ರೂಪಾಯಿಗೆ ಸೇರಿದರು, ವರ್ಷಕ್ಕೆ ಶೇ. 8 ಹೆಚ್ಚಳ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ ಇಬ್ಬರದೂ ಸುಮಾರು 37,800. ಹೆಂಡತಿ ಎರಡು ವರ್ಷ ಬಿಟ್ಟು ಅದೇ 37,800ಕ್ಕೆ ಮತ್ತೆ ಸೇರುತ್ತಾಳೆ. ಸಂಜೆ ಐದಕ್ಕೆ ಹೊರಡಬಹುದಾದ ಕೆಲಸವನ್ನೇ ಆರಿಸಿಕೊಂಡಿದ್ದರಿಂದ ಹೆಚ್ಚಳ ಶೇ. 5 ಮಾತ್ರ. ಹತ್ತನೇ ವರ್ಷದ ಕೊನೆಗೆ ಗಂಡನದು ಸುಮಾರು 64,800, ಅವಳದು 48,200. ತಿಂಗಳಿಗೆ 16,500ಕ್ಕೂ ಹೆಚ್ಚು ಅಂತರ. ವಾಪಸ್ ಬಂದ ಮೇಲೂ ಶೇ. 8 ಸಿಕ್ಕಿದ್ದರೆ ಅವಳದು 55,500 ಆಗುತ್ತಿತ್ತು. ಅಂದರೆ ಅಂತರದಲ್ಲಿ ಹತ್ತಿರ ಹತ್ತಿರ ಅರ್ಧ ಬಂದಿರುವುದು ಬಿಟ್ಟ ಎರಡು ವರ್ಷದಿಂದಲ್ಲ, 'ಹೊತ್ತಿಗೆ ಮನೆಗೆ ಬರಬೇಕು' ಎಂಬ ಷರತ್ತಿನಿಂದ. ಈ ಷರತ್ತನ್ನು ಗಂಡನಿಗೆ ಯಾರೂ ಹಾಕಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಮೊದಲ ಮಗುವಾದ ಮೇಲೆ ತಾಯಂದಿರ ಗಳಿಕೆ ತಂದೆಯರಿಗಿಂತ ಡೆನ್ಮಾರ್ಕ್‌ನಲ್ಲಿ ಸುಮಾರು ಶೇ. 20ರಷ್ಟು, ಜರ್ಮನಿಯಲ್ಲಿ ಸುಮಾರು ಶೇ. 60ರಷ್ಟು ಹಿಂದೆ ಬಿದ್ದು, ವರ್ಷಗಳು ಕಳೆದರೂ ಅಲ್ಲೇ ನಿಲ್ಲುತ್ತದೆ. ಡೆನ್ಮಾರ್ಕ್‌ನಲ್ಲಿ ಮಗುವನ್ನು ದತ್ತು ತೆಗೆದುಕೊಂಡ ತಾಯಂದಿರಿಗೂ ಕಾಲಕ್ರಮದಲ್ಲಿ ಹೆಚ್ಚುಕಡಿಮೆ ಅಷ್ಟೇ ನಷ್ಟ ಕಂಡಿತು. ಹೆರದೆಯೂ ಅಷ್ಟೇ ಕಳೆದುಕೊಂಡರು ಎಂದ ಮೇಲೆ ಕಾರಣವನ್ನು ದೇಹದಲ್ಲಿ ಹುಡುಕಿ ಪ್ರಯೋಜನವಿಲ್ಲ, ಮನೆಯೊಳಗೆ ಕೆಲಸ ಹಂಚಿಕೊಂಡ ರೀತಿಯಲ್ಲಿ ಹುಡುಕಬೇಕು. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ಕೊಟ್ಟ ಹೊತ್ತು ದಿನಕ್ಕೆ 289 ನಿಮಿಷ, ಗಂಡಸರು 88.

ಬರೀ ತಾಯಿಯ ರಜೆಯನ್ನು ಉದ್ದ ಮಾಡಿದರೆ ಸರಿಹೋಗುವುದಿಲ್ಲ. ಆಸ್ಟ್ರಿಯಾದಲ್ಲಿ ದಶಕಗಳ ಕಾಲ ರಜೆಯನ್ನು ಹಿಗ್ಗಿಸುತ್ತ ಬಂದರೂ ಅಂತರ ಕಡಿಮೆಯಾಗಲಿಲ್ಲ. ನಾರ್ವೆ 1993ರಲ್ಲಿ ತಂದೆ ತೆಗೆದುಕೊಳ್ಳದಿದ್ದರೆ ಕುಟುಂಬಕ್ಕೇ ಇಲ್ಲವಾಗುವ ನಾಲ್ಕು ವಾರದ ರಜೆ ತಂದಿತು. ತಂದೆಯರು ರಜೆ ಹಾಕತೊಡಗಿದರು. ನಮ್ಮಲ್ಲಿ ರಾಜ್ಯ ಸರ್ಕಾರಿ ನೌಕರರಾದ ತಂದೆಗೆ 15 ದಿನ ಉಂಟು. ಖಾಸಗಿ ನೌಕರನಿಗೆ ಕಾನೂನು ಒಂದು ದಿನವನ್ನೂ ಕೊಡುವುದಿಲ್ಲ. ಇದು ದೊಡ್ಡ ಲೋಪವೆಂದೇ ನಮ್ಮ ಅಭಿಪ್ರಾಯ.

ನಮ್ಮ ಬಾಣಂತನದ ಪದ್ಧತಿಯೂ ಇಲ್ಲಿ ಕೆಲಸ ಮಾಡುತ್ತದೆ. ಮೈಸೂರಿನ ಸೊಸೆ ಹೆರಿಗೆಗೆ ನಾಗಮಂಗಲದ ತವರಿಗೆ ಹೋಗಿ ಐದನೇ ತಿಂಗಳಲ್ಲಿ ಮಗುವಿನೊಂದಿಗೆ ಬರುತ್ತಾಳೆ. ಹೆರಿಗೆಗೆ ಮುಂಚೆಯೇ 8 ವಾರ ತೆಗೆದುಕೊಂಡಿದ್ದರೆ (ಅದೇ ಗರಿಷ್ಠ) ಆಮೇಲೆ ಉಳಿಯುವುದು 18 ವಾರ, ನಾಲ್ಕು ತಿಂಗಳ ಮೇಲೆ ಕೆಲವೇ ದಿನ. ಹಾಗಾಗಿ ಮಗು ಮೈಸೂರಿಗೆ ಬರುವುದಕ್ಕೂ ರಜೆ ಮುಗಿಯುವುದಕ್ಕೂ ಸರಿಹೋಗುತ್ತದೆ. ಅಲ್ಲಿಯವರೆಗೆ ಭಾನುವಾರ ಮಾತ್ರ ಮಗುವನ್ನು ನೋಡಿದ ತಂದೆಗೆ ಅದನ್ನು ಮಲಗಿಸಿಯೂ ಗೊತ್ತಿರುವುದಿಲ್ಲ. ಆರೋಗ್ಯ ಚೆನ್ನಾಗಿದ್ದು ಡಾಕ್ಟರು ಒಪ್ಪಿದರೆ, ಮುಂಚಿನ ರಜೆಯನ್ನು ಎರಡು ಮೂರು ವಾರಕ್ಕೆ ಇಳಿಸಿ. ಹೆರಿಗೆಯ ನಂತರ ಉಳಿಯುವ ರಜೆಯ ಕೊನೆಯ ತಿಂಗಳನ್ನು ಗಂಡನ ಮನೆಯಲ್ಲಿ ಕಳೆದರೆ ಮಗುವಿನ ಕೆಲಸ ಅಪ್ಪನಿಗೂ ಕೈಗೂಡುತ್ತದೆ.

ಇನ್ನು ಹಣದ ಮಾತು. ತಿಂಗಳಿಗೆ 21,000ದೊಳಗೆ ಸಂಬಳವಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಹೆರಿಗೆ ಭತ್ಯೆ ಕೊಡುವುದು ಇಎಸ್‌ಐ; ಮಾಲೀಕನ ಕೈಯಿಂದ ಹೋಗುವುದಿಲ್ಲ. ಅದಕ್ಕಿಂತ ಮೇಲಿದ್ದರೆ 26 ವಾರದ ಸಂಬಳವಿಡೀ ಮಾಲೀಕನ ತಲೆಗೆ. ಸಣ್ಣ ಕಂಪನಿಗಳು 'ಮದುವೆ ಆಗಿದೆಯಾ' ಎಂದು ಸಂದರ್ಶನದಲ್ಲಿ ಕೇಳುವುದರ ಹಿಂದೆ ಈ ಖರ್ಚಿನ ಭಯವೂ ಇದೆ. ಮದ್ದೂರು, ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಒಂದು ವಿಷಯದಲ್ಲಿ ಹುಷಾರಾಗಿರಬೇಕು: ಇಎಸ್‌ಐ ಭತ್ಯೆಗೆ ಹಿಂದಿನ ಎರಡು ವಂತಿಗೆ (ಇಎಸ್‌ಐಗೆ ಕಟ್ಟುವ ಪಾಲು) ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಫ್ಯಾಕ್ಟರಿ ಬದಲಿಸಿದಾಗ ಹಳೆಯ ಇಎಸ್‌ಐ ನಂಬರನ್ನೇ ಕೊಡಿ. ಹೊಸ ನಂಬರ್ ಮಾಡಿಸಿದರೆ ಹಳೆಯ ದಿನಗಳು ಅದಕ್ಕೆ ಸೇರುವುದಿಲ್ಲ, ಭತ್ಯೆ ಸಿಕ್ಕಿಹಾಕಿಕೊಳ್ಳುತ್ತದೆ.

ರಾಜೀನಾಮೆ ಬರೆಯುವ ಮುಂಚೆ ಸೇರಿದ ತಾರೀಖು ನೋಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕ ಕೊಡುವ ಇಡಿಗಂಟು) ಬೇಕಾದರೆ ಐದು ವರ್ಷದ ಸೇವೆ ಇರಬೇಕು; 26 ವಾರದ ಹೆರಿಗೆ ರಜೆ ಸೇವೆಯೊಳಗೇ ಸೇರುತ್ತದೆ. ಲೆಕ್ಕಕ್ಕೆ ಹಿಡಿಯುವ ವೇತನ 20,000 ಆದರೆ ಐದು ವರ್ಷಕ್ಕೆ 57,692 ರೂಪಾಯಿ. ನಾಲ್ಕು ವರ್ಷ ಮೂರು ತಿಂಗಳಿಗೆ ಬಿಟ್ಟರೆ ಅಷ್ಟೂ ಹೋಯಿತು. ಪಿಎಫ್ ಹಣವನ್ನೂ ತೆಗೆಯಬೇಡಿ: ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಪಿಂಚಣಿ ಭಾಗವನ್ನು ಹಿಂಪಡೆದರೆ ಎಣಿಕೆ ಮತ್ತೆ ಒಂದರಿಂದ. ರಜೆಗೆ ಹೋಗುವ ಮುಂಚೆ, 'ಈ ವರ್ಷದ ಮೌಲ್ಯಮಾಪನವನ್ನು ನಾನು ಕೆಲಸ ಮಾಡಿದ ತಿಂಗಳುಗಳ ಮೇಲೆ ಮಾಡಿ' ಎಂದು ಮೇಲ್‌ನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದೂ, ನಷ್ಟವಾಗುವಂತೆ ಷರತ್ತು ಬದಲಿಸುವುದೂ ಕಾನೂನುಬಾಹಿರ. ದೂರು ಕೊಡಬೇಕಾದದ್ದು ಕಾರ್ಮಿಕ ಇಲಾಖೆಗೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರುವ ಹಕ್ಕೂ ಇದೆ. ಒಬ್ಬರೇ ಕೇಳಿದರೆ ತಳ್ಳಿಹಾಕುತ್ತಾರೆ. ಹತ್ತು ಜನ ಸಹಿ ಹಾಕಿ ಕೊಡಿ.

ಮನೆಯಲ್ಲಿ ಊದುಬತ್ತಿ ಹೊಸೆಯುವವರಿಗೆ, ಬೀಡಿ ಕಟ್ಟುವವರಿಗೆ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವರಿಗೆ ಈ 26 ವಾರ ಕೈಗೆ ಬರುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಆಸರೆ ನಿಜ, ಆದರೆ ಮಗುವನ್ನು ಎತ್ತಿಕೊಳ್ಳುವ ಕೈ ಅದರಿಂದ ಬರುವುದಿಲ್ಲ. ನರೇಗಾ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ' ಸರಿಯಾದ ಜಾಗಕ್ಕೇ ಕೈ ಹಾಕಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಇದ್ದರೆ ಬಾಗಿಲು ತೆರೆದಿರುವುದು ಎಷ್ಟು ಹೊತ್ತು ಎಂದು ಗ್ರಾಮಸಭೆಯಲ್ಲಿ ಕೇಳಿ.

ನಿಮ್ಮ ಮನೆಯ ಮಟ್ಟಿಗೆ, ಮೂರು ತಿಂಗಳು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ: ಜ್ವರ, ಲಸಿಕೆ, ಸ್ಕೂಲಿನ ಮೀಟಿಂಗು, ಇವಕ್ಕೆಲ್ಲ ರಜೆ ಹಾಕಿದವರು ಯಾರು ಎಂದು. ಅದನ್ನು ಯಜಮಾನರ ಮುಂದಿಟ್ಟು, ಮುಂದಿನ ಮೂರು ತಿಂಗಳ ದಿನಗಳನ್ನು ಇಬ್ಬರ ಹೆಸರಿಗೂ ಸಮನಾಗಿ ಈಗಲೇ ಬರೆದುಕೊಳ್ಳಿ.