ನಮ್ಮ ಹೋಮ್‌ಸ್ಟೇ ವೆಬ್‌ಸೈಟಿಗೆ ಕುಕಿ ಬ್ಯಾನರ್ ಹಾಕಲೇಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಬುಕ್ಕಿಂಗ್‌ಗೆ ಅಂತ ವೆಬ್‌ಸೈಟ್ ಮಾಡಿಸಿದ್ದೇವೆ. ತೋಟದ ಕಾಫಿ ಪುಡಿಯನ್ನೂ ಅದರಲ್ಲೇ ಮಾರುತ್ತೇವೆ. ಸೈಟ್ ಮಾಡಿಕೊಟ್ಟವರು ಈಗ ‘ಕುಕಿ ಬ್ಯಾನರ್ ಹಾಕಿಸಿ, ಇಲ್ಲಾಂದ್ರೆ 250 ಕೋಟಿ ದಂಡ ಬೀಳುತ್ತೆ’ ಅನ್ನುತ್ತಿದ್ದಾರೆ. ಇದು ನಿಜವಾ?

ಉತ್ತರ: 250 ಕೋಟಿ ಅನ್ನೋ ಅಂಕಿ ಕಾನೂನಿನಲ್ಲಿ ಇರುವುದು ನಿಜ. ಆದರೆ ಅದು ಬ್ಯಾನರ್ (ಸೈಟ್ ತೆರೆದ ಕೂಡಲೇ ಕುಕಿಗೆ ಒಪ್ಪಿಗೆ ಕೇಳುವ ಪಟ್ಟಿ) ಹಾಕದಿದ್ದಕ್ಕೆ ಅಲ್ಲ. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದೆ ಸೋರಿಹೋಗಲು ಬಿಟ್ಟವರಿಗೆ ಹಾಕಬಹುದಾದ ಗರಿಷ್ಠ ದಂಡ ಅದು. ಯಾರೋ ಹೆದರಿಸಿದರು ಅಂತ ದುಡ್ಡು ಕೊಡುವ ಮೊದಲು ನಿಮ್ಮ ಸೈಟ್ ಏನು ಮಾಡ್ತಿದೆ ಅಂತ ನೀವೇ ನೋಡಿಕೊಳ್ಳಿ.

ಮೊದಲು ನಮ್ಮ ದೇಶದ ಕಾನೂನು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ. ಅದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ. ವ್ಯವಹಾರ ಮಾಡುವವರ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ, ಅಂದರೆ 2027ರ ಮೇವರೆಗೆ. ಈ ಕಾಯ್ದೆಯಲ್ಲಿ ‘ಕುಕಿ’ ಅನ್ನೋ ಪದವೇ ಇಲ್ಲ. ಅದು ಕೇಳುವುದು ಇಷ್ಟು: ಇಂಥವರೇ ಅಂತ ಗುರುತು ಹಿಡಿಯಬಹುದಾದ ಮಾಹಿತಿ ತಗೊಳ್ಳುತ್ತೀರಾ? ಹಾಗಾದರೆ ಏನು ತಗೊಳ್ಳುತ್ತೀರಿ, ಯಾಕೆ ತಗೊಳ್ಳುತ್ತೀರಿ ಅಂತ ಸರಳವಾಗಿ ಹೇಳಿ, ಒಪ್ಪಿಗೆ ಕೇಳಿ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವುದೂ ಕೊಟ್ಟಷ್ಟೇ ಸುಲಭ ಇರಬೇಕು.

ಗೆಸ್ಟ್ ತಾವಾಗಿ ಹೆಸರು, ಫೋನ್ ನಂಬರ್ ತುಂಬಿ ರೂಮ್ ಬುಕ್ ಮಾಡಿದರೆ, ಆ ಬುಕ್ಕಿಂಗ್ ಕೆಲಸಕ್ಕೆ ಅದನ್ನು ಬಳಸಲು ಕಾಯ್ದೆಯಲ್ಲೇ ಅವಕಾಶ ಇದೆ. ಅದೇ ನಂಬರಿಗೆ ಮುಂದಿನ ವರ್ಷ ಮಳೆಗಾಲದ ಆಫರ್ ಕಳಿಸುವುದು ಬೇರೆ ಮಾತು. ಅದಕ್ಕೆ ಬೇರೆಯಾಗೇ ಕೇಳಬೇಕು.

ಇನ್ನು ಕುಕಿ. ಸೈಟ್ ತೆರೆದವರ ಬ್ರೌಸರಿನಲ್ಲಿ ಸೈಟ್ ಇಟ್ಟುಹೋಗುವ ಪುಟ್ಟ ಚೀಟಿ ಅದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದನ್ನು ಮಾಡಿದ್ದು, ಕೊಳ್ಳುವವರು ಬುಟ್ಟಿಗೆ ಹಾಕಿದ ಸಾಮಾನು ನೆನಪಿರಲಿ ಅನ್ನೋ ಥರದ ಕೆಲಸಕ್ಕೆ. ನಿಮ್ಮ ಕಾಫಿ ಪುಡಿಯ ಬುಟ್ಟಿಗೂ ಅಂಥದ್ದು ಬೇಕೇಬೇಕು, ಅದರಲ್ಲಿ ತಪ್ಪೇನಿಲ್ಲ. ತಕರಾರು ಇರುವುದು ಜನರ ಹಿಂದೆ ಹೋಗುವ ಕುಕಿಗಳದ್ದು. ಸೈಟಿಗೆ ಎಷ್ಟು ಜನ ಬಂದರು, ಏನು ನೋಡಿದರು ಅಂತ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಮುಖ್ಯ ಕುಕಿ ಸಾಮಾನ್ಯವಾಗಿ 2 ವರ್ಷ ಕೂತಿರುತ್ತದೆ. ಫೇಸ್‌ಬುಕ್ ಜಾಹೀರಾತಿಗೆ ಅಂತ ಸೈಟಿನಲ್ಲಿ ಹಾಕಿಸುವ ‘ಪಿಕ್ಸೆಲ್’ ಅನ್ನೋ ಪುಟ್ಟ ಕೋಡ್ ಇಡುವ ಕುಕಿ ಇರುವುದು 90 ದಿನ.

ಇವು ನಿಮ್ಮಲ್ಲಿ ಇವೆಯಾ ಅಂತ ನೋಡಲು ಯಾರನ್ನೂ ಕೇಳಬೇಕಿಲ್ಲ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ನಿಮ್ಮ ಸೈಟಿಗೆ ಹೋಗಿ, ಎಫ್ 12 ಒತ್ತಿ. ‘ಅಪ್ಲಿಕೇಶನ್’ ಅನ್ನೋ ಕಡೆ ಹೋದರೆ ಎಡಗಡೆ ‘ಕುಕೀಸ್’ ಅಂತ ಇರುತ್ತದೆ. ಅಲ್ಲಿರುವುದನ್ನೆಲ್ಲ ಅಳಿಸಿ, ಪೇಜನ್ನು ಮತ್ತೆ ಲೋಡ್ ಮಾಡಿ. ಏನನ್ನೂ ಒತ್ತದೆ ಸುಮ್ನೆ ನೋಡಿ. ಎಷ್ಟೋ ಸೈಟ್‌ಗಳಲ್ಲಿ ಬ್ಯಾನರ್ ‘ಒಪ್ಪಿಗೆ ಇದೆಯಾ’ ಅಂತ ಕೇಳುತ್ತಾ ನಿಂತಿರುತ್ತದೆ, ಅಷ್ಟರಲ್ಲೇ ‘ಜಿಎ’ (_ga) ಅಂತ ಹೆಸರಿರುವ ಅನಲಿಟಿಕ್ಸ್ ಕುಕಿ ಬಂದು ಕೂತಿರುತ್ತದೆ. ಇಂಥ ಬ್ಯಾನರ್ ಇದ್ದರೆಷ್ಟು, ಬಿಟ್ಟರೆಷ್ಟು? ನನ್ನ ಪ್ರಕಾರ ಇದು ಬ್ಯಾನರ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಕೇಳಿದ ಹಾಗೆ ಮಾಡಿ ಕೇಳದೇ ತಗೊಂಡ ಹಾಗಾಯಿತಲ್ವಾ?

ಪಟ್ಟಿ ನೋಡಿದ ಮೇಲೆ ಒಂದೊಂದನ್ನೂ ಕೇಳಿಕೊಳ್ಳಿ, ಇದು ನಮಗೆ ಬೇಕಾ? ಅನಲಿಟಿಕ್ಸ್ ವರದಿಯನ್ನು ಮನೆಯಲ್ಲಿ ಯಾರೂ ನೋಡುತ್ತಿಲ್ಲ ಅಂದರೆ ತೆಗೆಸಿಬಿಡಿ. ಹಿಂದೆ ಯಾವಾಗಲೋ ಜಾಹೀರಾತು ಕೊಟ್ಟಾಗ ಹಾಕಿಸಿದ ಪಿಕ್ಸೆಲ್ ಹಾಗೇ ಉಳಿದಿದ್ದರೆ ಅದೂ ಹೋಗಲಿ. ಮುಳ್ಳಯ್ಯನಗಿರಿಯ ಯೂಟ್ಯೂಬ್ ವಿಡಿಯೊ ಇದ್ದರೆ ‘ಯೂಟ್ಯೂಬ್ ನೋಕುಕಿ’ (youtube-nocookie.com) ವಿಳಾಸದಿಂದ ಹಾಕಿಸಿ, ಇಲ್ಲವೇ ಬರೀ ಲಿಂಕ್ ಕೊಡಿ. ಕೊನೆಗೆ ಬುಟ್ಟಿಯ ಕುಕಿ ಮಾತ್ರ ಉಳಿದರೆ ನಿಮಗೆ ಒಪ್ಪಿಗೆ ಕೇಳುವ ಬ್ಯಾನರೇ ಬೇಡ. ಏನಿದೆ ಅಂತ ಹೇಳುವ ಒಂದು ಪುಟ ಸಾಕು.

ಟ್ರ್ಯಾಕಿಂಗ್ ಬೇಕೇ ಬೇಕು ಅನ್ನುವುದಾದರೆ ಬ್ಯಾನರ್ ಹಾಕಿ, ನೆಟ್ಟಗೆ ಹಾಕಿ. ‘ಆಗಲಿ’ ಮತ್ತು ‘ಬೇಡ’ ಎರಡೂ ಬಟನ್ ಒಂದೇ ಅಳತೆಯಲ್ಲಿ, ಅಕ್ಕಪಕ್ಕ ಇರಲಿ. ‘ಆಗಲಿ’ ಒತ್ತುವವರೆಗೆ ಟ್ರ್ಯಾಕಿಂಗ್ ಶುರುವಾಗಬಾರದು. ಬೇಡ ಅನ್ನುವುದನ್ನು ಕಷ್ಟ ಮಾಡಿದ್ದಕ್ಕೆ ಫ್ರಾನ್ಸ್‌ನ ಡೇಟಾ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಘೋಷಿಸಿತು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಅಂತ ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ.

ಹಾಗಾದರೆ ಯುರೋಪಿನ ಕಾನೂನು ಮೂಡಿಗೆರೆಗೂ ಬರುತ್ತಾ? ಜರ್ಮನಿಯ ಒಬ್ಬರು ಹುಡುಕಿಕೊಂಡು ನಿಮ್ಮ ಸೈಟಿಗೆ ಬಂದರು ಅನ್ನೋ ಕಾರಣಕ್ಕೇ ಬರುವುದಿಲ್ಲ. ಆದರೆ ಯೂರೋದಲ್ಲಿ ಬೆಲೆ ಹಾಕಿ, ಜರ್ಮನ್ ಭಾಷೆಯಲ್ಲಿ ಪುಟ ಮಾಡಿ, ಅಲ್ಲಿನವರನ್ನೇ ಕರೆಯುತ್ತಿದ್ದರೆ 2018ರಿಂದ ಜಾರಿಯಲ್ಲಿರುವ ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ನಿಮಗೂ ಅನ್ವಯಿಸುತ್ತದೆ. ಅಲ್ಲಿರುವವರ ಓಡಾಟವನ್ನು ಸೈಟಿನ ಮೂಲಕ ಗಮನಿಸುತ್ತಾ ಇದ್ದರೂ ಅನ್ವಯಿಸಬಹುದು.

ನೀವು ಕೇಳದ ಒಂದು ವಿಷಯ ಇದೆ, ನನಗೆ ಕುಕಿಗಿಂತ ಅದರದ್ದೇ ಚಿಂತೆ ಜಾಸ್ತಿ. ಗೆಸ್ಟ್‌ಗಳ ಆಧಾರ್ ಫೋಟೊ ಎಲ್ಲಿದೆ? ನಮ್ಮ ಕಡೆಯ ಹೋಮ್‌ಸ್ಟೇಗಳಲ್ಲಿ ‘ಐಡಿ ವಾಟ್ಸಾಪ್ ಮಾಡಿ’ ಅನ್ನುವುದು ರೂಢಿ. ಆ ಫೋಟೊಗಳು ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಫೋಟೊಗಳ ಜೊತೆ ವರ್ಷಗಟ್ಟಲೆ ಬಿದ್ದಿರುತ್ತವೆ. ಅಡುಗೆಯವರು, ಮ್ಯಾನೇಜರ್ ಎಲ್ಲರ ಕೈಗೂ ಆ ಫೋನ್ ಹೋಗುತ್ತದೆ. ಆ 250 ಕೋಟಿಯ ಕಲಂ ಹೇಳುತ್ತಿರುವುದು ಇಂಥ ಸಡಿಲಿಕೆಯ ಬಗ್ಗೆ. ಅಷ್ಟು ದೊಡ್ಡ ದಂಡ ಸಣ್ಣವರ ಮೇಲೆ ಬೀಳದಿರಬಹುದು, ಆದರೆ ನಂಬಿ ಕಳಿಸಿದವರ ಗುರುತಿನ ಚೀಟಿ ಕಂಡವರ ಕೈಗೆ ಸಿಗುವುದು ಸಣ್ಣ ವಿಷಯ ಅಲ್ಲ.

ಕಾನೂನು ಇಡಲು ಹೇಳಿದ್ದನ್ನು ಇಡಲೇಬೇಕು. ವಿದೇಶಿ ಗೆಸ್ಟ್ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬುವುದು ಅಂಥದ್ದು, ಅದಕ್ಕೆ ಅವರ ಒಪ್ಪಿಗೆ ಕಾಯಬೇಕಿಲ್ಲ. ಉಳಿದದ್ದಕ್ಕೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. ಬೇಕಾದ ವಿವರವನ್ನು ರಿಜಿಸ್ಟರಿಗೆ ಹತ್ತಿಸಿಕೊಂಡ ಮೇಲೆ ವಾಟ್ಸಾಪ್‌ನಿಂದ, ಗ್ಯಾಲರಿಯಿಂದ, ಬ್ಯಾಕಪ್‌ನಿಂದ ಫೋಟೊ ಅಳಿಸಿ.

ಸೈಟಿನ ಮಾಹಿತಿ ಪುಟವನ್ನು ಕನ್ನಡದಲ್ಲೂ ಬರೆಸಿ. ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಗ್ರಾಹಕರಿಗೆ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಕನ್ನಡದಿಂದ ಶುರು ಮಾಡಲು ನಿಮಗೆ ಯಾರ ಸಹಾಯವೂ ಬೇಡ. ಯಾವ ಮಾಹಿತಿ, ಯಾತಕ್ಕೆ, ಎಷ್ಟು ದಿನ, ಅಳಿಸಬೇಕಾದರೆ ಯಾವ ನಂಬರಿಗೆ ಹೇಳಬೇಕು, ಈ ನಾಲ್ಕು ಬರೆದು ಸೈಟ್ ಮಾಡಿದವರ ಕೈಗೆ ಕೊಡಿ.