ತಾಲ್ಲೂಕು ಆಸ್ಪತ್ರೆಗೆ ಬಂದ ಪಿಸಿಆರ್

ಕಫದಲ್ಲಿ ಕ್ಷಯವನ್ನು ಹುಡುಕಲು ನಮ್ಮ ಆಸ್ಪತ್ರೆಗಳು ಬಹುಕಾಲ ನೆಚ್ಚಿಕೊಂಡದ್ದು ಸೂಕ್ಷ್ಮದರ್ಶಕವನ್ನು. ಖರ್ಚು ಕಡಿಮೆ, ಕೆಲಸ ಸರಳ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ಬ್ಯಾಕ್ಟೀರಿಯಾಗಳಿದ್ದರೆ ಮಾತ್ರ ಅದರಡಿ ರೋಗ ಕಾಣುತ್ತದೆ. ಆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುತ್ತದೆಯೇ ಎಂಬುದಂತೂ ತಿಳಿಯುವುದೇ ಇಲ್ಲ.

ರೋಗಾಣುವಿನ ಡಿಎನ್‌ಎಯನ್ನೇ ಹೆಚ್ಚಿಸಿ ಹುಡುಕುವ ಪಿಸಿಆರ್ ಪರೀಕ್ಷೆ ಎರಡನ್ನೂ ಹೇಳಬಲ್ಲದು. ಡಿಎನ್‌ಎ ತುಣುಕೊಂದನ್ನು ಕಾಯಿಸಿ ತಣಿಸುತ್ತ ಪ್ರತಿ ಸುತ್ತಿನಲ್ಲೂ ಇಮ್ಮಡಿಯಾಗಿಸಿದರೆ, ಲೆಕ್ಕದ ಪ್ರಕಾರ 30 ಸುತ್ತುಗಳಲ್ಲಿ ಅದು ನೂರು ಕೋಟಿ ದಾಟುತ್ತದೆ. ಆದರೆ ಇದಕ್ಕೆ ಹವಾನಿಯಂತ್ರಿತ ಕೊಠಡಿ, ಎಡೆಬಿಡದ ವಿದ್ಯುತ್, ಫ್ರಿಜ್‌ನಲ್ಲಿಡಬೇಕಾದ ರಾಸಾಯನಿಕ, ನುರಿತ ತಂತ್ರಜ್ಞ ಎಲ್ಲವೂ ಬೇಕಿತ್ತು. ಕ್ಷಯರೋಗಿ ಮೊದಲು ಬಂದು ನಿಲ್ಲುವ ಸಣ್ಣ ಆಸ್ಪತ್ರೆಗಳಲ್ಲಿ ಇವೆಲ್ಲ ಎಲ್ಲಿಂದ ಬರಬೇಕು?

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಎಂಬ ಕಂಪನಿ ಈ ಅಡ್ಡಿಗಳನ್ನು ಒಂದೊಂದಾಗಿ ನಿವಾರಿಸಲು ವರ್ಷಗಟ್ಟಲೆ ದುಡಿಯಿತು. ಕೇಂದ್ರ ಸರ್ಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಯೋಜನೆಯೊಂದು ಅದಕ್ಕೆ ಹಣ ಒದಗಿಸಿತು. ಅವರು ಪ್ರತಿಕ್ರಿಯೆಯನ್ನೇ ಪುಟ್ಟ ಚಿಪ್‌ಗೆ ಇಳಿಸಿದರು. ಅದಕ್ಕೆ ಹಾಕುವ ದ್ರಾವಣ ಕೇವಲ ಆರು ಮೈಕ್ರೋಲೀಟರ್. ಅಷ್ಟು ಕಡಿಮೆ ದ್ರವ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬ್ಯಾಟರಿಯ ಶಕ್ತಿಯೇ ಸಾಕಾಗುತ್ತದೆ. ರಾಸಾಯನಿಕಗಳನ್ನು ಮೊದಲೇ ಒಣಗಿಸಿಟ್ಟಿದ್ದರಿಂದ ಫ್ರಿಜ್‌ನ ಹಂಗು ತಪ್ಪಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಕೆಲಸ. ಕಫ ಅಂಟಂಟು, ಗಟ್ಟಿ. ಅದನ್ನು ತಿಳಿಯಾಗಿಸಿ ಡಿಎನ್‌ಎ ಬೇರ್ಪಡಿಸದೆ ಯಾವ ಚಿಪ್ಪೂ ಉಪಯೋಗಕ್ಕೆ ಬಾರದು. ಬೇರ್ಪಡಿಸುವ ಆ ಶ್ರಮಕ್ಕೂ ಬ್ಯಾಟರಿಚಾಲಿತ ಪುಟ್ಟ ಯಂತ್ರವೊಂದನ್ನು ರೂಪಿಸಿದರು.

ಬಿಗ್‌ಟೆಕ್, ರೋಗಪತ್ತೆಯ ಕಿಟ್ ತಯಾರಿಸುವ ಗೋವಾದ ಟುಲಿಪ್ ಸಮೂಹದೊಂದಿಗೆ ಸೇರಿ ಹುಟ್ಟುಹಾಕಿದ ಮಾಲ್‌ಬಯೋ ಡಯಾಗ್ನಾಸ್ಟಿಕ್ಸ್ ಕಂಪನಿ, ಇದನ್ನು ಟ್ರೂನ್ಯಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಸುಮಾರು ಒಂದು ಗಂಟೆಯಲ್ಲಿ ಕ್ಷಯ ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ, ಅದೇ ಡಿಎನ್‌ಎಯನ್ನು ಮತ್ತೊಂದು ಚಿಪ್‌ಗೆ ಹಾಕಿ ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಯೇ ಎಂದು ನೋಡಬಹುದು. ಭಾರತದ ಜೊತೆಗೆ ಪೆರು, ಇಥಿಯೋಪಿಯಾ, ಪಪುವಾ ನ್ಯೂಗಿನಿಗಳಲ್ಲೂ ಪರೀಕ್ಷೆಗೊಳಪಟ್ಟ ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು.

ಅದೇ ವರ್ಷ ಕೋವಿಡ್ ಬಂತು. ಕ್ಷಯಕ್ಕೆಂದು ಇಟ್ಟಿದ್ದ ಯಂತ್ರಗಳೇ ಹೊಸ ಚಿಪ್ ಹಾಕಿಕೊಂಡು ಕೊರೊನಾ ವೈರಸ್ ಹುಡುಕಿದವು. 2022ರಲ್ಲಿ ಸಿಂಗಪುರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಮಾಲ್‌ಬಯೋದಲ್ಲಿ ಸುಮಾರು 8.5 ಕೋಟಿ ಡಾಲರ್ ಹೂಡಿದಾಗ ಕಂಪನಿಯ ಮೌಲ್ಯ 150 ಕೋಟಿ ಡಾಲರ್ ದಾಟಿತ್ತು. ಸುದ್ದಿಯಾದದ್ದು ಈ ಅಂಕಿ. ಆದರೆ ಕೊಳ್ಳುವವರೇ ಇಲ್ಲದ ವರ್ಷಗಳಲ್ಲಿ ಸಾರ್ವಜನಿಕ ಹಣ ಹೊತ್ತ ಅಪಾಯ ಇಲ್ಲದೆ ಆ ಬೆಳವಣಿಗೆ ಸಾಧ್ಯವಿತ್ತೆಂದು ನನಗನಿಸುವುದಿಲ್ಲ.

ಪ್ರತಿ ಪರೀಕ್ಷೆಗೂ ಹೊಸ ಚಿಪ್ ಬೇಕು. ಹಾಗಾಗಿ ಯಂತ್ರ ಕೊಂಡರೆ ಸಾಲದು, ಚಿಪ್‌ಗಳು ತಪ್ಪದೆ ಬರುತ್ತಿರಬೇಕು. ಸರ್ಕಾರಗಳು ಬಿಗಿಯಾಗಿ ನಿಗಾ ಇಡಬೇಕಾದದ್ದು ಇಲ್ಲಿ. ಇನ್ನೊಂದು ಅಡ್ಡಿಯೂ ಉಳಿದಿದೆ: ಎಳೆಯ ಮಕ್ಕಳು ಕಫ ಕೆಮ್ಮಿ ಕೊಡಲಾರರು. ನಾಲಗೆಯ ಮೇಲೆ ಸ್ವ್ಯಾಬ್ ಸವರಿ ಕ್ಷಯ ಪತ್ತೆಹಚ್ಚುವ ಸಂಶೋಧನೆ ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ.