ಕಾಣೆ ಮೀನಿನ ಹೆಸರಿನ ಜೊತೆ ‘ಫೋರ್ಸ್ಕೋಲ್, 1775’ ಎಂದೇಕೆ ಇದೆ?

ಪ್ರಶ್ನೆ: ಕರಾವಳಿಯಲ್ಲಿ ‘ಕಾಣೆ’ ಎಂದು ಕರೆಯುವ ಮೀನಿನ ವೈಜ್ಞಾನಿಕ ಹೆಸರನ್ನು ‘ಸಿಲ್ಲಾಗೊ ಸಿಹಾಮಾ (ಫೋರ್ಸ್ಕೋಲ್, 1775)’ ಎಂದು ಬರೆಯುತ್ತಾರೆ. ಆದರೆ ಫೋರ್ಸ್ಕೋಲ್ ತೀರಿಕೊಂಡದ್ದು 1763ರಲ್ಲಿ. ಇದು ಅಚ್ಚಿನ ತಪ್ಪೇ?

ಉತ್ತರ: ತಪ್ಪಲ್ಲ. ಹೆಸರಿನ ಪಕ್ಕದ ಇಸವಿ ಮೀನು ಸಿಕ್ಕ ವರ್ಷವಲ್ಲ, ಅದರ ವಿವರಣೆ ಅಚ್ಚಾದ ವರ್ಷ. ವಿವರಣೆ ಬರೆದವನು ಆಗ ಬದುಕಿರಬೇಕೆಂಬ ನಿಯಮವಿಲ್ಲ.

ಪೀಟರ್ ಫೋರ್ಸ್ಕೋಲ್ ಹುಟ್ಟಿದ್ದು 1732ರಲ್ಲಿ, ಆಗ ಸ್ವೀಡನ್ನಿಗೆ ಸೇರಿದ್ದ ಹೆಲ್ಸಿಂಕಿಯಲ್ಲಿ. ಸ್ವೀಡನ್ನಿನ ಉಪ್ಸಾಲಾದಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡುವ ಕ್ರಮ ತಂದ ಲಿನೇಯಸ್‌ನ ಶಿಷ್ಯ. 1761ರ ಜನವರಿಯಲ್ಲಿ ಡೆನ್ಮಾರ್ಕಿನ ದೊರೆ ಅರೇಬಿಯಾಕ್ಕೆ ಕಳುಹಿಸಿದ ಆರು ಜನರ ತಂಡದಲ್ಲಿ ಗಿಡ, ಪ್ರಾಣಿಗಳ ಅಧ್ಯಯನ ಅವನ ಪಾಲಿಗೆ ಬಂತು. ಈಜಿಪ್ಟ್ ಸುತ್ತಿ, ಸೂಯೆಜ್‌ನಿಂದ ಜೆದ್ದಾ ದಾಟಿ, 1762ರ ಕೊನೆಗೆ ಯೆಮೆನ್ನಿನ ಲುಹಯ್ಯಾ ಬಂದರಿಗೆ ತಲುಪಿದರು. ಕಾಣೆ ಮೀನನ್ನು ಅವನು ದಾಖಲಿಸಿದ್ದು ಈ ಲುಹಯ್ಯಾದಲ್ಲೇ.

ಬಿಸಿಲ ನಾಡಿನಲ್ಲಿ ಮೀನು ಕೆಡದಂತೆ ಇಡುವುದೇ ದೊಡ್ಡ ಕಷ್ಟ. ಮದ್ಯಸಾರದ ಪಾತ್ರೆಗಳು ಭಾರ, ಒಡೆಯುತ್ತವೆ, ಸೋರುತ್ತವೆ. ಯೆಮೆನ್ನಿನ ಇನ್ನೊಂದು ಬಂದರು ಮೋಖಾದ ಸುಂಕದವರು ಅವನ ಮೀನಿನ ಪೀಪಾಯಿ ತೆರೆಸಿದಾಗ ನಾತ ಹರಡಿ ದೊಡ್ಡ ರಂಪವೇ ಆಯಿತು. ಇನ್ನೊಂದು ದಾರಿ, ಗಿಡಗಳನ್ನು ಒತ್ತಿ ಒಣಗಿಸುವಂತೆ ಮೀನನ್ನೂ ಹಾಳೆಗೆ ಇಳಿಸುವುದು. ಮೀನನ್ನು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಸೀಳಬೇಕು. ಬೆನ್ನಿನ ರೆಕ್ಕೆ, ಬಾಲದ ರೆಕ್ಕೆ ಪೂರ್ತಿಯಾಗಿ ಒಂದೇ ಬದಿಗೆ ಉಳಿಯಬೇಕು. ಆ ಬದಿಯ ಮಾಂಸ, ಮೂಳೆ ತೆಗೆದು, ಚರ್ಮ ತೊಳೆದು, ರೆಕ್ಕೆಗಳನ್ನು ಬಿಡಿಸಿ ಹಲಗೆಯ ಮೇಲೆ ಒಣಗಿಸಿ, ಕಾಗದದ ನಡುವೆ ಒತ್ತಿ, ಹಾಳೆಗೆ ಅಂಟಿಸಬೇಕು. ಮಾಂಸ ಚೂರು ಉಳಿದರೂ ಕೊಳೆಯುತ್ತದೆ, ಹುಳ ಹಿಡಿಯುತ್ತದೆ. ಎಷ್ಟು ಚೆನ್ನಾಗಿ ಮಾಡಿದರೂ ಬಣ್ಣ ಮತ್ತು ಮೈಯ ದಪ್ಪ ಹೋಗಿಬಿಡುತ್ತವೆ. ಹಾಗಾಗಿ ಮೀನು ಹಸಿಯಾಗಿರುವಾಗಲೇ ಬಣ್ಣ, ರೆಕ್ಕೆಯ ಮುಳ್ಳುಗಳ ಎಣಿಕೆ, ಅಲ್ಲಿನ ಬೆಸ್ತರು ಕರೆಯುವ ಹೆಸರು ಬರೆದಿಡಲೇಬೇಕಿತ್ತು. ನನ್ನ ಮಟ್ಟಿಗೆ ಅವನ ನಿಜವಾದ ಸಾಧನೆ ಈ ಟಿಪ್ಪಣಿಗಳೇ.

1763ರ ಮೇನಲ್ಲಿ ತಂಡದ ಭಾಷಾತಜ್ಞ ಫಾನ್ ಹಾವೆನ್ ಮೋಖಾದಲ್ಲಿ ಸತ್ತ. ಜ್ವರದಲ್ಲಿದ್ದ ಫೋರ್ಸ್ಕೋಲ್ ಸನಾ ಕಡೆಗಿನ ಬೆಟ್ಟದ ಹಾದಿಯಲ್ಲಿ, ಯರೀಮ್ ಊರಿನಲ್ಲಿ, ಜುಲೈ 11ರಂದು ಕೊನೆಯುಸಿರೆಳೆದ. ವಯಸ್ಸು 31. ಕಾಯಿಲೆ ಮಲೇರಿಯಾ, ಅದನ್ನು ಹರಡುವುದು ಸೊಳ್ಳೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಉಳಿದವರಲ್ಲಿ ಇಬ್ಬರು ಬೊಂಬಾಯಿಗೆ ಬರುವ ಹಡಗಿನಲ್ಲಿ, ವೈದ್ಯ ಕ್ರಾಮರ್ ಬೊಂಬಾಯಿಯಲ್ಲೇ ತೀರಿಕೊಂಡರು.

ಬದುಕುಳಿದ ಒಬ್ಬನೇ ಒಬ್ಬ, ನಕ್ಷೆಗಾರ ಕಾರ್ಸ್ಟನ್ ನೀಬೂರ್, 1767ರಲ್ಲಿ ಕೋಪನ್‌ಹೇಗನ್ ಸೇರಿದ. ತನ್ನ ವಿಷಯವಲ್ಲದಿದ್ದರೂ ಗೆಳೆಯನ ಟಿಪ್ಪಣಿಗಳನ್ನು ಸೇರಿಸಿ 1775ರಲ್ಲಿ ಗಿಡಗಳ ಮೇಲೊಂದು, ಪ್ರಾಣಿಗಳ ಮೇಲೊಂದು ಲ್ಯಾಟಿನ್ ಪುಸ್ತಕ ಅಚ್ಚು ಹಾಕಿಸಿದ. ಬರಹ ಫೋರ್ಸ್ಕೋಲ್‌ನದು, ಆದ್ದರಿಂದ ಹೆಸರೂ ಅವನದೇ. ಹಾಳೆಗೆ ಅಂಟಿಸಿದ ಮೀನುಗಳಲ್ಲಿ 99 ಕೋಪನ್‌ಹೇಗನ್ನಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಉಳಿದುಬಂದಿವೆ.

ಇನ್ನು ಹೆಸರು, ಇಸವಿಯ ಸುತ್ತಲಿನ ಆವರಣ ಚಿಹ್ನೆ. ಫೋರ್ಸ್ಕೋಲ್ ಕಾಣೆಯನ್ನು ‘ಅಥೆರಿನಾ’ ಕುಲದಲ್ಲಿ (ಹತ್ತಿರದ ಜಾತಿಗಳ ಗುಂಪು, ಹೆಸರಿನ ಮೊದಲ ಪದ) ಇಟ್ಟಿದ್ದ; ಮುಂದೆ ಅದು ‘ಸಿಲ್ಲಾಗೊ’ಗೆ ಬಂತು. ಕುಲ ಬದಲಾದರೆ ಮೊದಲು ಹೆಸರಿಟ್ಟವರನ್ನು ಆವರಣದೊಳಗೆ ಬರೆಯುವುದು ಕ್ರಮ. ನಮ್ಮ ಅಳಿವೆಗಳ ಹೂಮೀನು ‘ಚಾನೋಸ್ ಚಾನೋಸ್’ ಜೊತೆಗೂ ಅವನ ಹೆಸರು ಹೀಗೆಯೇ ಇದೆ: ಅದನ್ನು ಅವನು ‘ಮುಗಿಲ್’ ಕುಲಕ್ಕೆ ಸೇರಿಸಿದ್ದ.